ಮಾಂತೊವಾ ಸೀಮೆಯ ಕುಂಬಳದ ಕಡುಬು: ಒಂದು ಚಾರಿತ್ರಿಕ ಅವಲೋಕನ

ದೇವಾಲಯವೊಂದರ ಶತಮಾನೋತ್ಸವದ ಸ್ಮರಣ ಸಂಚಿಕೆಯಲ್ಲಿ ಅಸ್ತಿಭಾರದ ಕಲ್ಲು, ಗಂಟೆಗೋಪುರ, ಸೇವೆ ಸಲ್ಲಿಸಿ ಅಗಲಿದ ಗುರುಗಳ ನಾಮಾವಳಿ ಮೊದಲಾದವುಗಳಿಗೆ ಸ್ಥಾನವಿರುವುದು ಸಹಜ. ಇವುಗಳ ನಡುವೆ ಕುಂಬಳಕಾಯಿಗೂ ಹಂದಿಮಾಂಸದ ಸಾಸೇಜಿಗೂ ಏನು ಕೆಲಸ ಎಂದು ವಾಚಕ ಮಹಾಶಯರು ಹುಬ್ಬೇರಿಸಿದರೆ ಅವರನ್ನು ನಾವು ದೂರಲಾರೆವು. ಆದರೆ ನಮ್ಮ ಪ್ರಭು ಯೇಸುಸ್ವಾಮಿಯು ತನ್ನ ಸ್ಮರಣೆಗಾಗಿ ಬಿಟ್ಟುಹೋದದ್ದು ಒಂದು ಊಟವನ್ನು. ಪುನರುತ್ಥಾನವಾದ ಮೇಲೆ ಎಮ್ಮಾವುಸಿನ ದಾರಿಯಲ್ಲಿ ಶಿಷ್ಯರು ಆತನನ್ನು ಗುರುತಿಸಿದ್ದು ರೊಟ್ಟಿ ಮುರಿಯುವಾಗ. ತಿಬೇರಿಯ ಸರೋವರದ ದಡದಲ್ಲಿ ದಣಿದು ಬಂದ ಬೆಸ್ತರಿಗೆ ಆತನೇ ಕೆಂಡದ ಮೇಲೆ ಮೀನು ಸುಟ್ಟು ಬಡಿಸಿದನು. ಆದುದರಿಂದ ಊಟದ ಚರಿತ್ರೆಯು ಧರ್ಮಸಭೆಯ ಚರಿತ್ರೆಗೆ ಹೊರಗಿನದಲ್ಲವೆಂಬುದು ನಮ್ಮ ಅಭಿಪ್ರಾಯ.

ಉತ್ತರ ಇಟಲಿಯ ಮಾಂತೊವಾ ಸೀಮೆಯಲ್ಲಿ ಚಳಿಗಾಲದ ಊಟವಾಗಿ ಇಂದಿಗೂ ಉಳಿದುಬಂದಿರುವ ಒಂದು ಅಡುಗೆಯ ವಿಚಾರವನ್ನು ಈ ಲೇಖನದಲ್ಲಿ ನಿವೇದಿಸಲು ಬಯಸುತ್ತೇವೆ. ಗೋಧಿ ಹಿಟ್ಟಿನ ಪಾಸ್ತ, ಸಿಹಿಗುಂಬಳ, ಸಾಸೇಜು ಇವು ಮೂರೂ ಸೇರಿದ ಸಾಮಾನ್ಯ ಊಟ ಅದು. ಸಾಮಾನ್ಯವೆಂದು ಕಾಣುವ ಆ ತಟ್ಟೆಯೊಳಗೆ ಎರಡು ಸಾವಿರ ವರ್ಷಗಳ ಇತಿಹಾಸವಿದೆ, ಉಪವಾಸದ ನಿಯಮವಿದೆ, ಬಡವರ ಕಣ್ಣೀರಿದೆ, ನಮ್ಮ ಕನ್ನಡ ಕರಾವಳಿಯವರೆಗೆ ಬಂದು ತಲುಪುವ ಒಂದು ಎಳೆಯೂ ಇದೆ.

ನಾಡು ಮತ್ತು ಋತು

ಆಲ್ಪ್ಸ್ ಪರ್ವತಗಳ ದಕ್ಷಿಣಕ್ಕೆ ಪೋ ನದಿಯ ವಿಶಾಲವಾದ ಬಯಲು ಹರಡಿದೆ. ಆ ಬಯಲಿನಲ್ಲಿ ಮಿಂಚೊ ಎಂಬ ಉಪನದಿಯು ಅಗಲವಾಗಿ ನಿಂತು ಸರೋವರಗಳಾಗಿ ಸುತ್ತುವರಿದಿರುವ ಪಟ್ಟಣವೇ ಮಾಂತೊವಾ. ಲತೀನ್ ಮಹಾಕವಿ ವರ್ಜಿಲನು ಹುಟ್ಟಿದ್ದು ಇದರ ಸಮೀಪದಲ್ಲಿ. 1328ರಿಂದ ಸುಮಾರು ನಾಲ್ಕು ಶತಮಾನಗಳ ಕಾಲ ಗೊನ್ಜಾಗ ಮನೆತನದವರು ಇಲ್ಲಿ ಆಳಿದರು. ಬೇಸಿಗೆಯಲ್ಲಿ ಸೆಖೆ, ಚಳಿಗಾಲದಲ್ಲಿ ದಟ್ಟವಾದ ಮಂಜು. ನವೆಂಬರ್ ತಿಂಗಳು ಬಂತೆಂದರೆ ಹತ್ತು ಮಾರು ದೂರದ ಮರವೂ ಕಾಣದಷ್ಟು ಮಂಜು ನೆಲಕ್ಕೆ ಇಳಿಯುವುದುಂಟು. ಹೊಲದಲ್ಲಿ ಕೆಲಸವಿಲ್ಲ, ಹಸಿರು ತರಕಾರಿ ವಿರಳ. ಶರತ್ಕಾಲದಲ್ಲಿ ಕೂಡಿಟ್ಟದ್ದನ್ನೇ ವಸಂತದವರೆಗೆ ಉಣ್ಣಬೇಕು.

ಇಂಥ ನಾಡಿನಲ್ಲಿ ಕೆಡದೆ ಉಳಿಯುವ ಪದಾರ್ಥಕ್ಕೆ ಬೆಲೆ ಹೆಚ್ಚು. ಗಟ್ಟಿ ಸಿಪ್ಪೆಯ ಕುಂಬಳಕಾಯಿಯು ಬಳ್ಳಿಯಲ್ಲಿ ಬಲಿತ ಮೇಲೆ ಕಿತ್ತು, ತೊಟ್ಟು ಮುರಿಯದಂತೆ ಒಣ ಜಾಗದಲ್ಲಿಟ್ಟರೆ ತಿಂಗಳುಗಟ್ಟಲೆ ಉಳಿಯುತ್ತದೆ. ಚಳಿಗಾಲದ ಕುಂಬಳವೆಂದು ಅದನ್ನು ಕರೆಯುವುದು ಚಳಿಗಾಲದಲ್ಲಿ ಬೆಳೆಯುವುದರಿಂದಲ್ಲ, ಚಳಿಗಾಲಕ್ಕೆ ಒದಗುವುದರಿಂದ. ನಮ್ಮ ಹಿರಿಯರು ಅಟ್ಟದ ಮೇಲೆ ಕುಂಬಳವನ್ನು ಪೇರಿಸುತ್ತಿದ್ದುದನ್ನೂ, ಮಂಗಳೂರು ಸೌತೆಕಾಯಿಗಳನ್ನು ತೆಂಗಿನ ಗರಿಯ ಪಟ್ಟಿಯಲ್ಲಿ ಕಟ್ಟಿ ಮಾಡಿನ ಅಡ್ಡೆಗೆ ತೂಗುಹಾಕುತ್ತಿದ್ದುದನ್ನೂ ಬಲ್ಲ ನಮ್ಮ ಓದುಗರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಅಲ್ಲಿ ಮಂಜು, ಇಲ್ಲಿ ಮಳೆ. ಗೃಹಿಣಿಯ ದೂರದೃಷ್ಟಿ ಮಾತ್ರ ಒಂದೇ.

ಹಿಟ್ಟಿನ ಕಥೆ

ಪಾಸ್ತವೆಂದರೆ ಕಣಕ. ನೀರಿನಲ್ಲಾಗಲಿ ಮೊಟ್ಟೆಯಲ್ಲಾಗಲಿ ಕಲಸಿದ ಗೋಧಿ ಹಿಟ್ಟನ್ನು ನಮ್ಮ ಶಾವಿಗೆಯಂತೆ ಎಳೆಯಾಗಿಯೋ, ಕೊಳವೆಯಾಗಿಯೋ, ಕಡುಬಿನಂತೆ ಹೂರಣ ತುಂಬಿಯೋ ರೂಪಿಸಿ, ಉಪ್ಪು ನೀರಿನಲ್ಲಿ ಬೇಯಿಸಿ ಉಣ್ಣುವುದು ಅದರ ಕ್ರಮ. ವೆನಿಸ್ ಪಟ್ಟಣದ ಮಾರ್ಕೊ ಪೋಲೊ ಚೀನಾ ದೇಶದಿಂದ ಇದನ್ನು ತಂದನೆಂಬ ಕಥೆ ಶಾಲೆಯ ಮಕ್ಕಳ ಬಾಯಲ್ಲೂ ಇದೆ. ಅದು ಸತ್ಯವಲ್ಲ. ಪೋಲೊ ತನ್ನ ಯಾತ್ರೆಯಿಂದ ಮರಳಿದ್ದು 1295ರಲ್ಲಿ. ಅದಕ್ಕೂ ಮುಂಚೆ, 1279ರಲ್ಲಿ, ಜೆನೊವಾ ಪಟ್ಟಣದ ನೋಟರಿಯೊಬ್ಬನು ಸಿಪಾಯಿಯೊಬ್ಬನ ಸೊತ್ತಿನ ಪಟ್ಟಿಯನ್ನು ಬರೆಯುವಾಗ ಮ್ಯಾಕರೋನಿ ತುಂಬಿದ ಪೆಟ್ಟಿಗೆಯೊಂದನ್ನು ದಾಖಲಿಸಿದ್ದಾನೆ. ಇನ್ನೂ ಹಿಂದಕ್ಕೆ ಹೋದರೆ, ಸಿಸಿಲಿಯ ಅರಸ ಎರಡನೆಯ ರೊಜೆರನ ಆಶ್ರಯದಲ್ಲಿದ್ದ ಅರಬ್ಬೀ ಭೂಗೋಳಜ್ಞ ಅಲ್ ಇದ್ರಿಸಿಯು 1154ರ ತನ್ನ ಗ್ರಂಥದಲ್ಲಿ, ಪಲೆರ್ಮೊ ಬಳಿಯ ತ್ರಾಬಿಯ ಎಂಬಲ್ಲಿ ಒಣ ಶಾವಿಗೆಯನ್ನು ಹೇರಳವಾಗಿ ತಯಾರಿಸಿ ಹಡಗುಗಳಲ್ಲಿ ಕ್ರೈಸ್ತರ ನಾಡಿಗೂ ಮುಸ್ಲಿಮರ ನಾಡಿಗೂ ಕಳುಹಿಸುತ್ತಿದ್ದರೆಂದು ತಿಳಿಸಿದ್ದಾನೆ. ಇಟಲಿಯ ಹೆಮ್ಮೆಯೆನಿಸಿದ ಈ ಆಹಾರದ ಪ್ರಾಚೀನ ಸಾಕ್ಷಿಯು ಒಬ್ಬ ಮುಸ್ಲಿಂ ವಿದ್ವಾಂಸನ ಲೇಖನಿಯಿಂದ ಬಂದಿದೆ ಎಂಬುದು ಮನನ ಮಾಡತಕ್ಕ ಸಂಗತಿ.

ದಕ್ಷಿಣದ ಬಿಸಿಲಿನಲ್ಲಿ ಗಟ್ಟಿ ಗೋಧಿಯ ರವೆಯಿಂದ ಮಾಡಿದ ಪಾಸ್ತವನ್ನು ಒಣಗಿಸಿಡಬಹುದು. ಪೋ ಬಯಲಿನಲ್ಲಿ ಬೆಳೆಯುವುದು ಮೆದು ಗೋಧಿ; ಅಲ್ಲಿಯ ತೇವದ ಗಾಳಿಯಲ್ಲಿ ಒಣಗಿಸುವುದೂ ಕಷ್ಟ. ಆದ್ದರಿಂದ ಅಲ್ಲಿಯ ಹೆಂಗಸರು ಮೆದು ಗೋಧಿಯ ಹಿಟ್ಟಿಗೆ ಮೊಟ್ಟೆ ಒಡೆದು ಹಾಕಿ, ನಾದಿ, ಉದ್ದನೆಯ ಲಟ್ಟಣಿಗೆಯಿಂದ ತೆಳ್ಳಗೆ ಲಟ್ಟಿಸಿ, ಅಂದಂದೇ ಬೇಯಿಸುವ ಪದ್ಧತಿಯನ್ನು ಬೆಳೆಸಿದರು. ಆ ಹಾಳೆಯ ನಡುವೆ ಹೂರಣವಿಟ್ಟು ಮಡಿಚಿದರೆ ಅದೇ 'ತೊರ್ತೆಲ್ಲಿ'. ಅದು ನೀರಿನಲ್ಲಿ ಬೇಯುವ ಕಡುಬೆಂದು ತಿಳಿದರೆ ಸಾಕು.

ಪಾಸ್ತಗಳ ಹೆಸರುಗಳಲ್ಲಿ ನಮ್ಮ ವರ್ಗಕ್ಕೂ ಒಂದು ಪಾಲು ದೊರೆತಿದೆ. ರೊಮಾಞ್ಞ ಪ್ರಾಂತದಲ್ಲಿ ಹೊಸೆದು ಮಾಡುವ ಒಂದು ಬಗೆಯ ಪಾಸ್ತಕ್ಕೆ 'ಸ್ತ್ರೊತ್ಸಪ್ರೇತಿ' ಎಂದು ಹೆಸರು. ಅರ್ಥಾತ್, ಪಾದ್ರಿಯ ಕೊರಳು ಬಿಗಿಯುವಂಥದು. ಆ ಪ್ರಾಂತವು 1859ರವರೆಗೆ ಪೋಪರ ರಾಜ್ಯಾಡಳಿತದಲ್ಲಿತ್ತು. ಮನೆಗೆ ಬಂದು ಆತುರವಾಗಿ ಉಣ್ಣುವ ಗುರುಗಳನ್ನು ಕಂಡು ಬಡ ಒಕ್ಕಲಿಗರು ಇಟ್ಟ ಹೆಸರಿದು ಎಂದು ಪ್ರತೀತಿ. ಧರ್ಮಕೇಂದ್ರದ ಮನೆಗಳಲ್ಲಿ ಬಹಳಷ್ಟು ಊಟ ಮಾಡಿರುವ ನಾವು ಈ ಹೆಸರನ್ನು ವಿನಯದಿಂದ ಸ್ವೀಕರಿಸುತ್ತೇವೆ.

ಕುಂಬಳದ ಪ್ರಯಾಣ

ಸಿಹಿಗುಂಬಳವು ಅಮೆರಿಕ ಖಂಡದ ಬಳ್ಳಿ. 1492ರಲ್ಲಿ ಕೊಲಂಬಸನು ಅಟ್ಲಾಂಟಿಕ್ ಸಾಗರವನ್ನು ದಾಟುವ ಮೊದಲು ಯುರೋಪಿನವರಾಗಲಿ ಭಾರತೀಯರಾಗಲಿ ಇದನ್ನು ಕಂಡವರಲ್ಲ. ಹಾಗಾದರೆ ಪ್ರಾಚೀನ ರೋಮನರ ಗ್ರಂಥಗಳಲ್ಲಿ ಬರುವ ಕಾಯಿ ಯಾವುದು? ಅದು ಸೋರೆಕಾಯಿ. ಹೊಸ ಕಾಯಿ ಬಂದಾಗ ಇಟಲಿಯವರು ಸೋರೆಗಿದ್ದ 'ತ್ಸುಕ್ಕ' ಎಂಬ ಹಳೆಯ ಹೆಸರನ್ನೇ ಅದಕ್ಕೂ ಇಟ್ಟರು. ನಮ್ಮಲ್ಲಿ ಆದದ್ದೂ ಅದೇ. ಬೂದುಗುಂಬಳವು ನಮ್ಮ ಏಷ್ಯದ ಹಳೆಯ ಕಾಯಿ. ಕಡಲಾಚೆಯಿಂದ ಬಂದ ಅಪರಿಚಿತ ಕಾಯಿಗೆ ಆ ಹಳೆಯ ಹೆಸರನ್ನೇ ಕೊಟ್ಟು, ಸಿಹಿ ಎಂಬ ವಿಶೇಷಣವನ್ನು ಜೋಡಿಸಿ, ನಮ್ಮ ಹಿತ್ತಿಲಿಗೆ ಸೇರಿಸಿಕೊಂಡೆವು. ಮಲೆನಾಡಿನ ಕಡೆ ಅದನ್ನು ಚೀನಿಕಾಯಿ ಎನ್ನುವುದುಂಟು. ಹೊರಗಿನಿಂದ ಬಂದದ್ದೆಂಬ ನೆನಪು ಆ ಹೆಸರಿನಲ್ಲಿ ಉಳಿದಂತಿದೆ. ಮೆಣಸಿನಕಾಯಿಯೂ ಹೀಗೆಯೇ ಅಮೆರಿಕದಿಂದ ಬಂದು ಕಾಳುಮೆಣಸಿನ ಹೆಸರನ್ನು ಹಂಚಿಕೊಂಡಿತು. ಪರದೇಶಿಯನ್ನು ಹೆಸರಿಟ್ಟು ಮನೆಯವನನ್ನಾಗಿ ಮಾಡಿಕೊಳ್ಳುವ ಈ ಗುಣವು ಅಡುಗೆಮನೆಗೆ ಸ್ವಾಭಾವಿಕ. ದೇವಾಲಯಕ್ಕೂ ಅದು ಸ್ವಾಭಾವಿಕವಾಗಿರಬೇಕು.

ಪೋ ಬಯಲಿನ ಮಣ್ಣು ಹೊಸ ಬಳ್ಳಿಗೆ ಹಿಡಿಸಿತು. 1584ರಲ್ಲಿ ಫೆರಾರ ಪಟ್ಟಣದಲ್ಲಿ ಜ್ಯೊವಾನ್ನಿ ಬತ್ತಿಸ್ತ ರೊಸ್ಸೆತ್ತಿ ಎಂಬ ಅರಮನೆಯ ಮೇಲ್ವಿಚಾರಕನು ಪ್ರಕಟಿಸಿದ ಗ್ರಂಥದಲ್ಲಿ ಬೆಣ್ಣೆಯೊಡನೆ ಬಡಿಸುವ ಕುಂಬಳದ ತೊರ್ತೆಲ್ಲಿಯ ಉಲ್ಲೇಖವಿದೆ. ಕೊಲಂಬಸನ ಯಾನದಿಂದ ನೂರು ವರ್ಷ ತುಂಬುವುದರೊಳಗೆ ಹೊಸ ಕಾಯಿಯು ದೊರೆಗಳ ಮೇಜನ್ನು ಏರಿತ್ತು. ಅಲ್ಲಿಂದ ಇಳಿದು ರೈತರ ಒಲೆಯನ್ನೂ ತಲುಪಿತು. ಮಾಂತೊವಾ ಸೀಮೆಯಲ್ಲಿ ಬೆಳೆಯುವ, ಮೇಲ್ಭಾಗ ಉಬ್ಬಿದ ಒಂದು ತಳಿಗೆ 'ಪಾದ್ರಿಯ ಟೋಪಿ' ಎಂದೇ ಹೆಸರು. ಕೊರಳು ಬಿಗಿಯುವ ಹೆಸರಿಗಿಂತ ಇದು ಮೇಲು.

ಹಂದಿ, ಸಂತ ಅಂತೋಣಿ ಮತ್ತು ಸಾಸೇಜು

ಸಾಸೇಜಿನ ಇತಿಹಾಸವು ಇವೆರಡಕ್ಕಿಂತಲೂ ಹಳೆಯದು. ಕೊಚ್ಚಿದ ಮಾಂಸಕ್ಕೆ ಉಪ್ಪು ಮತ್ತು ಸಂಬಾರಗಳನ್ನು ಬೆರೆಸಿ, ಶುದ್ಧಗೊಳಿಸಿದ ಕರುಳಿನಲ್ಲಿ ತುಂಬಿ ಕಟ್ಟುವ ವಿದ್ಯೆಯನ್ನು ರೋಮನ್ ಸೈನಿಕರು ದಕ್ಷಿಣ ಇಟಲಿಯ ಲುಕಾನಿಯ ಪ್ರಾಂತದವರಿಂದ ಕಲಿತರೆಂದು ಕ್ರಿಸ್ತಪೂರ್ವ ಒಂದನೆಯ ಶತಮಾನದ ಪಂಡಿತ ವಾರ್ರೊ ಬರೆದಿದ್ದಾನೆ. ಉತ್ತರ ಇಟಲಿಯವರು ಇಂದಿಗೂ ಉದ್ದನೆಯ ಸಾಸೇಜನ್ನು 'ಲುಗಾನೆಗ' ಎಂದು ಕರೆಯುವುದರಲ್ಲಿ ಆ ಲುಕಾನಿಯದ ಹೆಸರು ಅಡಗಿದೆ. ಪೋರ್ಚುಗೀಸರು ಇದೇ ವಿದ್ಯೆಯನ್ನು ಗೋವೆಗೆ ತಂದರು. ಅಲ್ಲಿ ಮೆಣಸಿನಕಾಯಿ ಮತ್ತು ವಿನೆಗರ್ ಸೇರಿ ನಮ್ಮ ಕೊಂಕಣಿ ಬಾಂಧವರ 'ಚೊರಿಸ್' ಆಯಿತು.

ಪೋ ಬಯಲಿನಲ್ಲಿ ಹಂದಿಯನ್ನು ಕೊಯ್ಯುವ ಕಾಲ ಚಳಿಗಾಲ. ನವೆಂಬರಿನ ಕೊನೆಯಿಂದ ಜನವರಿಯವರೆಗಿನ ಶೀತದಲ್ಲಿ ಮಾಂಸಕ್ಕೆ ಉಪ್ಪು ಹಿಡಿಯುವ ಮೊದಲೇ ಕೆಡುವ ಭಯ ಕಡಿಮೆ. ಒಂದು ಹಂದಿಯಿಂದ ಒಂದು ಕುಟುಂಬಕ್ಕೆ ವರ್ಷದ ಕೊಬ್ಬೂ ಮಾಂಸವೂ ದೊರೆಯಬೇಕು, ಏನನ್ನೂ ಎಸೆಯುವಂತಿಲ್ಲ. ಬೊಲೊಞ್ಞದ ಪ್ರಸಿದ್ಧ ಮೊರ್ತದೆಲ್ಲ ಸಾಸೇಜನ್ನು ಹಂದಿಮಾಂಸದಿಂದಲೇ ಮಾಡತಕ್ಕದ್ದೆಂದು, ಕಲಬೆರಕೆಯನ್ನು ತಡೆಯುವುದಕ್ಕಾಗಿ, ಕಾರ್ಡಿನಲ್ ಫರ್ನೇಸೆಯವರು 1661ರಲ್ಲಿ ಆಜ್ಞೆ ಹೊರಡಿಸಿದರು. ಧರ್ಮಸಭೆಯ ಅಧಿಕಾರಿಗಳು ಆಹಾರದ ಶುದ್ಧಿಗಾಗಿಯೂ ಶಾಸನ ಮಾಡಿದ ನಿದರ್ಶನವಿದು.

ಈ ಕಾಲದ ರಕ್ಷಕ ಸಂತರು ಜನವರಿ 17ರಂದು ಹಬ್ಬ ಆಚರಿಸಲ್ಪಡುವ ಸಂತ ಅಂತೋಣಿಯವರು. ಮಂಗಳವಾರಗಳಂದು ನಾವು ಭಕ್ತಿಯಿಂದ ಸ್ಮರಿಸುವ ಪಾದುವದ ಸಂತ ಅಂತೋಣಿಯವರು ಬೇರೆ. ಇವರು 356ರಲ್ಲಿ ಸ್ವರ್ಗಸ್ಥರಾದ ಈಜಿಪ್ತಿನ ಮರಳುಗಾಡಿನ ತಪಸ್ವಿ. ಇವರ ಚಿತ್ರದಲ್ಲಿ ಕಾಲ ಬಳಿ ಒಂದು ಹಂದಿ ಇರುವುದನ್ನು ಕೆಲವರು ಗಮನಿಸಿರಬಹುದು. ಮಧ್ಯಯುಗದಲ್ಲಿ, ಬೂಷ್ಟು ಹಿಡಿದ ರೈ ಧಾನ್ಯವನ್ನು ತಿಂದ ಬಡವರ ಕೈಕಾಲುಗಳು ಬೆಂಕಿ ಸುಟ್ಟಂತೆ ಉರಿದು ಕೊಳೆಯುವ ಭಯಂಕರ ರೋಗವಿತ್ತು. ಜನರು ಅದನ್ನು 'ಸಂತ ಅಂತೋಣಿಯ ಬೆಂಕಿ' ಎಂದರು. ಈ ಸಂತರ ಹೆಸರಿನಲ್ಲಿ ಹನ್ನೊಂದನೆಯ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಸ್ಥಾಪಿತವಾದ ಶುಶ್ರೂಷಕ ಸಭೆಯವರು ಆ ರೋಗಿಗಳನ್ನು ನೋಡಿಕೊಂಡರು. ಹಂದಿಯ ಕೊಬ್ಬನ್ನು ಲೇಪವಾಗಿ ಹಚ್ಚಿದರು. ಆ ಸೇವೆಯ ಖರ್ಚಿಗಾಗಿ ಅವರ ಹಂದಿಗಳು ಕೊರಳಿಗೆ ಗಂಟೆ ಕಟ್ಟಿಕೊಂಡು ಊರಿನ ಬೀದಿಗಳಲ್ಲಿ ಸ್ವತಂತ್ರವಾಗಿ ಮೇಯಬಹುದೆಂಬ ಅನುಮತಿಯಿತ್ತು. ಹಂದಿಯು ಸಂತರ ಪಕ್ಕಕ್ಕೆ ಬಂದದ್ದು ಹೀಗೆ, ರೋಗಿಗಳ ಸೇವೆಯ ದಾರಿಯಿಂದ. ಇಂದಿಗೂ ಆ ದಿನ ಇಟಲಿಯ ಅನೇಕ ಊರುಗಳಲ್ಲಿ ಗುರುಗಳು ಸಾಕುಪ್ರಾಣಿಗಳನ್ನು ಆಶೀರ್ವದಿಸುತ್ತಾರೆ.

ಉಪವಾಸ ಕಲಿಸಿದ ಅಡುಗೆ

ಮಾಂತೊವಾದ ಕುಂಬಳದ ತೊರ್ತೆಲ್ಲಿಯು ಕ್ರಿಸ್ತಜಯಂತಿಯ ಮುನ್ನಾದಿನದ, ಅಂದರೆ ಡಿಸೆಂಬರ್ 24ರ ರಾತ್ರಿಯ ಊಟ. ಅದರಲ್ಲಿ ಮಾಂಸವಿಲ್ಲ. ಏಕೆಂದರೆ ಆ ದಿನವು ಧರ್ಮಸಭೆಯ ನಿಯಮದಂತೆ ಉಪವಾಸದ ಮತ್ತು ಮಾಂಸವರ್ಜನೆಯ ದಿನವಾಗಿತ್ತು. 1917ರ ಧರ್ಮಸಭಾ ಸಂಹಿತೆಯಲ್ಲಿಯೂ ಈ ನಿಯಮವಿತ್ತು. ಮಾಂಸವೂ ಮಾಂಸದ ಸಾರೂ ನಿಷಿದ್ಧ. ಆದರೆ ಮೊಟ್ಟೆ, ಹಾಲು, ಬೆಣ್ಣೆಗಳಿಗೆ ಅಡ್ಡಿಯಿರಲಿಲ್ಲ. ಈ ಎಲ್ಲೆಯೊಳಗೆ ನಿಂತು ಮಾಂತೊವಾದ ಗೃಹಿಣಿಯರು ಏನು ಮಾಡಿದರೆಂದು ನೋಡಿ. ಕುಂಬಳವನ್ನು ಒಲೆಯಲ್ಲಿ ಸುಟ್ಟು ತೇವವನ್ನು ಆರಿಸಿದರು. ಬಾದಾಮಿಯ ಕಹಿಸಿಹಿ ಬಿಸ್ಕತ್ತಿನ ಪುಡಿ, ತುರಿದ ಗಟ್ಟಿ ಗಿಣ್ಣು, ಜಾಯಿಕಾಯಿ, ಸಾಸಿವೆಯ ಘಾಟು ಹಿಡಿಸಿದ ಹಣ್ಣಿನ ಪಾಕ ಇಷ್ಟನ್ನೂ ಸೇರಿಸಿ ಹೂರಣ ಮಾಡಿದರು. ಸಿಹಿ, ಉಪ್ಪು, ಖಾರ ಮೂರೂ ಬೆರೆತ ಈ ಹೂರಣವನ್ನು ಕಣಕದಲ್ಲಿ ಮಡಿಚಿ, ಬೇಯಿಸಿ, ಬೆಣ್ಣೆ ಹಾಕಿ ಬಡಿಸಿದರು. ಮಾಂಸವಿಲ್ಲದ ದಿನವು ವರ್ಷದ ಅತ್ಯಂತ ರುಚಿಕರವಾದ ದಿನವಾಯಿತು.

ಉಪವಾಸದ ನಿಯಮವು ಜನರ ಬಾಯಿಗೆ ಬೀಗ ಹಾಕಿತೆಂದು ಟೀಕಿಸುವವರುಂಟು. ಸಂತ ಐದನೆಯ ಪಿಯುಸ್ ಪೋಪರ ಕಾಲದ ಬಾಣಸಿಗ ಬರ್ತೊಲೊಮೆಯೊ ಸ್ಕಪ್ಪಿ 1570ರಲ್ಲಿ ಪ್ರಕಟಿಸಿದ ಬೃಹತ್ ಪಾಕಶಾಸ್ತ್ರ ಗ್ರಂಥದ ಆರು ಭಾಗಗಳಲ್ಲಿ ಮೂರನೆಯ ಭಾಗವು ಪೂರ್ತಿಯಾಗಿ ಮೀನು ಮತ್ತು ಮಾಂಸರಹಿತ ದಿನಗಳ ಅಡುಗೆಗೆ ಮೀಸಲಾಗಿದೆ. ನಿಯಮವಿದ್ದುದರಿಂದಲೇ ಕಲ್ಪನೆ ಹರಿಯಿತು. ಹಾಗೆಂದು ತಪಸ್ಸಿನ ದಿನದಲ್ಲಿ ಇಷ್ಟು ರುಚಿ ಏಕೆಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಅರಮನೆಗಳಲ್ಲಿ ಮಾಂಸರಹಿತ ಭೋಜನವು ಮಾಂಸದ ಭೋಜನಕ್ಕಿಂತಲೂ ಆಡಂಬರದ್ದಾಗುತ್ತಿತ್ತು. ಅಂಥ ಉಪವಾಸದಿಂದ ದೇಹಕ್ಕಾಗಲಿ ಆತ್ಮಕ್ಕಾಗಲಿ ಪ್ರಯೋಜನವಿಲ್ಲ. ತಾನು ಬಿಟ್ಟದ್ದು ಇನ್ನೊಬ್ಬನ ತಟ್ಟೆಗೆ ತಲುಪಿದಾಗ ಮಾತ್ರ ಉಪವಾಸ ಪೂರ್ಣವಾಗುತ್ತದೆ.

1966ರ ಫೆಬ್ರವರಿಯಲ್ಲಿ ಪೋಪ್ ಆರನೆಯ ಪೌಲರು ಪ್ರಾಯಶ್ಚಿತ್ತದ ನಿಯಮಗಳನ್ನು ಪರಿಷ್ಕರಿಸಿದಾಗ ಕ್ರಿಸ್ತಜಯಂತಿಯ ಮುನ್ನಾದಿನದ ಕಡ್ಡಾಯ ಉಪವಾಸವು ನಿಂತಿತು. ಕಾನೂನು ಹೋಯಿತು, ಕಡುಬು ಉಳಿಯಿತು. ಇಂದಿಗೂ ಮಾಂತೊವಾದ ಮನೆಗಳಲ್ಲಿ ಆ ರಾತ್ರಿ ತೊರ್ತೆಲ್ಲಿಯನ್ನೇ ಬಡಿಸುತ್ತಾರೆ. ಇದರಲ್ಲಿ ನಮಗೊಂದು ಪಾಠವಿದೆ. ಆಜ್ಞೆಯಿಂದ ಮಾತ್ರ ನಡೆದುಬಂದ ಆಚಾರವು ಆಜ್ಞೆಯೊಡನೆ ಅಳಿಯುತ್ತದೆ. ಮನೆಯವರೆಲ್ಲರೂ ಕೈಜೋಡಿಸಿ ಪ್ರೀತಿಯಿಂದ ಮಾಡಿದ ಆಚಾರಕ್ಕೆ ಆಜ್ಞೆ ಬೇಕಿಲ್ಲ.

ಹಬ್ಬ ಕಳೆದ ಮೇಲೆ ಅದೇ ಕುಂಬಳಕ್ಕೆ ಸಾಸೇಜಿನ ನೆರವು ದೊರೆಯುತ್ತದೆ. ಫೆರಾರದಲ್ಲಿ ಕುಂಬಳದ ಕಡುಬನ್ನು ಮಾಂಸದ ಗೊಜ್ಜಿನೊಡನೆ ಉಣ್ಣುವುದೂ ವಾಡಿಕೆ. ಬಿಡುವಿಲ್ಲದ ದಿನಗಳಲ್ಲಿ ಹೂರಣ ತುಂಬುವ ತಾಪತ್ರಯವಿಲ್ಲದೆ, ಒಣ ಪಾಸ್ತಕ್ಕೆ ಕುಂಬಳದ ಹೋಳುಗಳನ್ನೂ ಸಾಸೇಜಿನ ಪುಡಿಯನ್ನೂ ಬೆರೆಸಿ ರಾತ್ರಿಯ ಊಟವನ್ನು ಮುಗಿಸುತ್ತಾರೆ. ಉಪವಾಸದ ಊಟ ಮತ್ತು ಹಬ್ಬದ ಊಟ ಒಂದೇ ಕಾಯಿಯ ಎರಡು ಮುಖಗಳಾದವು.

ಹಸಿವಿನ ಅಧ್ಯಾಯ

ಆದರೆ ಈ ಊಟವನ್ನು ಎಲ್ಲರೂ ಎಲ್ಲ ಕಾಲದಲ್ಲಿಯೂ ಉಂಡರೆಂದು ತಿಳಿಯುವುದು ತಪ್ಪಾಗುತ್ತದೆ. ಹದಿನೆಂಟು ಹತ್ತೊಂಬತ್ತನೆಯ ಶತಮಾನಗಳಲ್ಲಿ ಪೋ ಬಯಲಿನ ಕೂಲಿಗಾರನಿಗೆ ಗೋಧಿ, ಮೊಟ್ಟೆ, ಹಂದಿಮಾಂಸ ಇವೆಲ್ಲ ಹಬ್ಬಕ್ಕೆ ಮಾತ್ರ. ತಾನು ಬೆಳೆದ ಗೋಧಿ ಭೂಮಾಲಿಕನಿಗೆ. ತನಗೆ ಮುಸುಕಿನ ಜೋಳದ ಹಿಟ್ಟಿನ ಗಂಜಿಮುದ್ದೆಯಾದ 'ಪೊಲೆಂತ'. ಬೆಳಿಗ್ಗೆ ಅದೇ, ರಾತ್ರಿ ಅದೇ. ಇದರಿಂದ ಚರ್ಮ ಒರಟಾಗಿ ಸುಲಿದು, ಭೇದಿಯಾಗಿ, ಕೊನೆಗೆ ಬುದ್ಧಿಭ್ರಮಣೆಯಾಗಿ ಸಾಯುವ ರೋಗ ಹರಡಿತು. ಮಿಲಾನಿನ ವೈದ್ಯ ಫ್ರಾಂಚೆಸ್ಕೊ ಫ್ರಪೊಲ್ಲಿ 1771ರಲ್ಲಿ ಅದನ್ನು 'ಪೆಲಗ್ರ' ಎಂಬ ಹೆಸರಿನಿಂದ ವಿವರಿಸಿದನು. ಅದರ ಮೂಲ ಆಹಾರದ ಕೊರತೆಯೆಂದು ಅಮೆರಿಕದ ವೈದ್ಯ ಗೋಲ್ಡ್‌ಬರ್ಗರ್ ತೋರಿಸಿಕೊಟ್ಟದ್ದು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ. ಕೊರತೆಯಾಗಿದ್ದ ಜೀವಸತ್ವವು ನಯಾಸಿನ್ ಎಂದು ಗೊತ್ತಾದದ್ದು 1937ರಲ್ಲಿ. ನಮ್ಮ ದಖ್ಖನಿನಲ್ಲಿಯೂ ಜೋಳವೊಂದನ್ನೇ ನೆಚ್ಚಿದ ಬಡವರಲ್ಲಿ ಈ ರೋಗ ಕಾಣಿಸಿಕೊಂಡದ್ದುಂಟು.

ಮುಸುಕಿನ ಜೋಳವೂ ಕುಂಬಳದಂತೆ ಅಮೆರಿಕದಿಂದಲೇ ಬಂದದ್ದು. ಅಲ್ಲಿಯ ಮೂಲನಿವಾಸಿಗಳು ಆ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ಅರೆಯುತ್ತಿದ್ದರು. ಹಾಗೆ ಮಾಡುವುದರಿಂದ ಅದರಲ್ಲಿ ಹುದುಗಿರುವ ನಯಾಸಿನ್ ಬಿಡುಗಡೆಯಾಗಿ ದೇಹಕ್ಕೆ ದಕ್ಕುತ್ತದೆ. ಯುರೋಪಿನವರು ಧಾನ್ಯವನ್ನು ಒಯ್ದರು, ಬೆಳೆದವರ ತಿಳಿವಳಿಕೆಯನ್ನು ಒಯ್ಯಲಿಲ್ಲ. ಅವರನ್ನು ಅನಾಗರಿಕರೆಂದು ಕಡೆಗಣಿಸಿದ ತಪ್ಪಿಗೆ ಬೆಲೆ ತೆತ್ತವರು ಇಟಲಿಯ ಬಡ ಒಕ್ಕಲಿಗರು.

1880ರ ದಶಕದಲ್ಲಿ ಮಾಂತೊವಾ ಸೀಮೆಯ ಕೂಲಿಗಾರರು ತಾಳ್ಮೆಗೆಟ್ಟು ಮುಷ್ಕರ ಹೂಡಿದರು. 'ಲ ಬೊಯೆ', ಎಂದರೆ 'ಕುದಿಯುತ್ತಿದೆ', ಎಂಬುದು ಅವರ ಕೂಗು. ಒಲೆಯ ಮೇಲಿನ ಮಡಕೆಯ ಮಾತನ್ನೇ ಅವರು ಹೋರಾಟದ ಮಾತನ್ನಾಗಿ ಮಾಡಿಕೊಂಡರು. ಅದೇ ಸಮಯದಲ್ಲಿ, 1884ರಲ್ಲಿ, ಮಾಂತೊವಾದ ಧರ್ಮಾಧ್ಯಕ್ಷರಾಗಿ ನೇಮಕಗೊಂಡವರು ಜುಸೆಪ್ಪೆ ಸಾರ್ತೊ. ರಿಯೆಸೆ ಎಂಬ ಹಳ್ಳಿಯ ಬಡ ಅಂಚೆಯವನ ಮಗ. ಒಂಬತ್ತು ವರ್ಷ ಅಲ್ಲಿ ಸೇವೆ ಸಲ್ಲಿಸಿ, 1893ರಲ್ಲಿ ವೆನಿಸಿಗೆ ನೇಮಕಗೊಂಡು, 1903ರಲ್ಲಿ ಹತ್ತನೆಯ ಪಿಯುಸ್ ಪೋಪರಾದರು. ಚಿಕ್ಕ ಮಕ್ಕಳಿಗೂ ಪರಮಪ್ರಸಾದದ ಪಂಕ್ತಿಯಲ್ಲಿ ಸ್ಥಳ ಮಾಡಿಕೊಟ್ಟ ಸಂತರು ಇವರೇ. 1891ರಲ್ಲಿ ಪೋಪ್ ಹದಿಮೂರನೆಯ ಲಿಯೊ ಅವರು ಕಾರ್ಮಿಕರ ನ್ಯಾಯವಾದ ಕೂಲಿಯ ಕುರಿತು ಪ್ರಸಿದ್ಧವಾದ ವಿಶ್ವಪತ್ರವನ್ನು ಹೊರಡಿಸಿದ್ದು ಇಂಥ ಹಸಿವಿನ ಕಾಲದಲ್ಲಿ. ಎಷ್ಟೋ ಕುಟುಂಬಗಳು ಮಾತ್ರ ಪತ್ರಕ್ಕೂ ಮುಷ್ಕರಕ್ಕೂ ಕಾಯದೆ ಬ್ರೆಜಿಲ್ ದೇಶಕ್ಕೆ ಹಡಗು ಹತ್ತಿದವು. ಇಂದು ನಾವು ನೆಮ್ಮದಿಯ ಊಟವೆಂದು ಹೊಗಳುವ ತಟ್ಟೆಯು ಅವರಿಗೆ ಕನಸಿನ ತಟ್ಟೆಯಾಗಿತ್ತು.

ಆ ನಾಡಿನಿಂದ ನಮ್ಮ ನಾಡಿಗೆ

ಮಾಂತೊವಾ ಸೀಮೆಯ ಕಾಸ್ತಿಲ್ಯೋನೆ ಎಂಬ ಊರಿನ ಅರಮನೆಯಲ್ಲಿ 1568ರ ಮಾರ್ಚ್ 9ರಂದು ಗೊನ್ಜಾಗ ಮನೆತನದ ಜ್ಯೇಷ್ಠ ಪುತ್ರನೊಬ್ಬನು ಜನಿಸಿದನು. ರಾಜ್ಯದ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟು 1585ರಲ್ಲಿ ಯೇಸುಸಭೆಯನ್ನು ಸೇರಿದನು. 1591ರಲ್ಲಿ ರೋಮಾಪುರಿಯಲ್ಲಿ ಸಾಂಕ್ರಾಮಿಕ ರೋಗವು ಹಬ್ಬಿದಾಗ ರೋಗಿಗಳನ್ನು ಹೆಗಲ ಮೇಲೆ ಹೊತ್ತು ಆರೈಕೆ ಮಾಡಿ, ಅದೇ ವರ್ಷ ಜೂನ್ 21ರಂದು ಇಪ್ಪತ್ತಮೂರನೆಯ ವಯಸ್ಸಿನಲ್ಲಿ ತೀರಿಕೊಂಡನು. ಅವರೇ ನಮ್ಮ ಸಂತ ಅಲೋಶಿಯಸ್ ಗೊನ್ಜಾಗ. ರಾಜಭೋಜನದ ಮನೆಯಲ್ಲಿ ಹುಟ್ಟಿ ಕಠಿಣ ಉಪವಾಸಗಳಿಗೆ ಹೆಸರಾದವರು. ಕೊನೆಯಲ್ಲಿ ಪರರ ಶುಶ್ರೂಷೆಗಾಗಿ ತಮ್ಮ ಶರೀರವನ್ನೇ ಕೊಟ್ಟವರು.

ಮಂಗಳೂರು ಪ್ರಾಂತದ ಹೊಣೆಯನ್ನು ವೆನಿಸ್ ಪ್ರಾಂತದ ಯೇಸುಸಭೆಗೆ ಒಪ್ಪಿಸಲಾಗಿ, 1878ರ ಡಿಸೆಂಬರ್ 31ರಂದು ಅವರ ಮೊದಲ ತಂಡವು ಮಂಗಳೂರಿಗೆ ಬಂದಿಳಿಯಿತು. 1879ರಲ್ಲಿ ಸಂತ ಜೋಸೆಫರ ಸೆಮಿನರಿಯನ್ನೂ, 1880ರಲ್ಲಿ ಮಾಂತೊವಾ ಸೀಮೆಯ ಆ ಸಂತರ ಹೆಸರಿನಲ್ಲಿಯೇ ಕಾಲೇಜನ್ನೂ ಸ್ಥಾಪಿಸಿದರು. ತ್ರೆಂತೊ ಕಡೆಯ ಆಂಜೆಲೊ ಮಾಫೆಯಿಯವರು ಕೊಂಕಣಿ ಕಲಿತು 1882ರಲ್ಲಿ ವ್ಯಾಕರಣವನ್ನೂ 1883ರಲ್ಲಿ ನಿಘಂಟನ್ನೂ ಹೊರತಂದರು. ಬೆರ್ಗಮೊ ಸಮೀಪದ ಸ್ತೆತ್ಸಾನೊ ಊರಿನ ಸಹೋದರ ಅಂತೋನಿಯೊ ಮೊಸ್ಕೇನಿಯವರು 1899ರಿಂದ 1901ರವರೆಗೆ ದುಡಿದು ಆ ಕಾಲೇಜಿನ ಪ್ರಾರ್ಥನಾಲಯದ ಗೋಡೆ ಮತ್ತು ಮಾಡನ್ನು ವರ್ಣಚಿತ್ರಗಳಿಂದ ತುಂಬಿದರು. 1905ರಲ್ಲಿ ನಮ್ಮ ದೇಶದ ಮಣ್ಣಿನಲ್ಲೇ ಮಲಗಿದರು. ಮಂಜಿನ ನಾಡಿನಿಂದ ಬಂದು ನಮ್ಮ ಕುಚ್ಚಲಕ್ಕಿಯ ಗಂಜಿ ಉಂಡು ಬಾಳಿದ ಇವರನ್ನು ಸ್ಮರಿಸದೆ ನಮ್ಮ ಕರಾವಳಿಯ ಯಾವ ಧರ್ಮಕೇಂದ್ರದ ಶತಮಾನೋತ್ಸವವೂ ಪೂರ್ಣವಾಗದು.

ಅವರ ಊರಿನ ಮಾಂಸರಹಿತ ಹಬ್ಬದೂಟಕ್ಕೆ ಸರಿಜೋಡಿಯಾದುದು ನಮ್ಮಲ್ಲಿಯೂ ಇದೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವವಾದ ಮೊಂತಿ ಹಬ್ಬ. ಫರಂಗಿಪೇಟೆಯ ಮೊಂತೆ ಮರಿಯಾನೊದಲ್ಲಿ 1763ರಲ್ಲಿ ಗುರು ಜೋಕಿಂ ಮಿರಾಂದರು ಇದನ್ನು ಆರಂಭಿಸಿದರೆಂದು ನಂಬಿಕೆ. ಅಂದು ಹೊಸ ತೆನೆಯನ್ನು ಆಶೀರ್ವದಿಸಿ, ಬಾಳೆಲೆಯ ಮೇಲೆ ಸಸ್ಯಾಹಾರವನ್ನೇ ಬಡಿಸುತ್ತೇವೆ. ಹೊಸ ಅಕ್ಕಿಯ ಕಾಳುಗಳನ್ನು ಹಿರಿಯರು ಎಲ್ಲರಿಗೂ ಹಂಚುತ್ತಾರೆ. ಪರದೇಶದಲ್ಲಿರುವ ಮಕ್ಕಳಿಗೆ ಲಕೋಟೆಯಲ್ಲಿಟ್ಟು ಅಂಚೆಯ ಮೂಲಕ ಆ ಕಾಳುಗಳನ್ನು ಕಳುಹಿಸುವ ತಾಯಂದಿರಿದ್ದಾರೆ. ಮಾಂತೊವಾದ ಕಡುಬೂ ನಮ್ಮ ಹೊಸಕ್ಕಿಯೂ ಒಂದೇ ಮಾತನ್ನು ಹೇಳುತ್ತವೆ.

ಅಡುಗೆಯ ಕ್ರಮ

ಇಷ್ಟೆಲ್ಲ ಓದಿಸಿ ಬರಿಗೈಯಲ್ಲಿ ಕಳುಹಿಸುವುದು ಸರಿಯಲ್ಲವಾದ್ದರಿಂದ, ನಮ್ಮ ಮನೆಗಳಲ್ಲಿ ಮಾಡಬಹುದಾದ ರೀತಿಯನ್ನು ತಿಳಿಸುತ್ತೇವೆ. ನಾಲ್ಕೈದು ಮಂದಿಗೆ ಅರ್ಧ ಕಿಲೋ ಬಲಿತ ಸಿಹಿಗುಂಬಳ, ಕಾಲು ಕಿಲೋ ಸಾಸೇಜು, 400 ಗ್ರಾಂ ಒಣ ಪಾಸ್ತ ಸಾಕು. ಕುಂಬಳದ ಸಿಪ್ಪೆ ತೆಗೆದು ಸಣ್ಣ ಹೋಳುಗಳಾಗಿ ಹೆಚ್ಚಿ, ಎಣ್ಣೆ ಸವರಿ, ಅಗಲವಾದ ಬಾಣಲೆಯಲ್ಲಿ ಅಂಚು ಕೆಂಪಗಾಗುವವರೆಗೆ ಬೇಯಿಸಬೇಕು. ನೀರು ಹಾಕಬಾರದು, ತೇವ ಆರಿದಷ್ಟೂ ಸಿಹಿ ಹೆಚ್ಚು. ಸಾಸೇಜಿನ ಮೇಲಿನ ಪೊರೆ ಸುಲಿದು, ಮಾಂಸವನ್ನು ಪುಡಿಮಾಡಿ, ಅದರದೇ ಕೊಬ್ಬಿನಲ್ಲಿ ಈರುಳ್ಳಿ ಬೆಳ್ಳುಳ್ಳಿಗಳೊಡನೆ ಚೆನ್ನಾಗಿ ಹುರಿಯಬೇಕು. ಪಾಸ್ತವನ್ನು ಉಪ್ಪು ಹಾಕಿದ ಕುದಿನೀರಿನಲ್ಲಿ ಸ್ವಲ್ಪ ಗಟ್ಟಿಯಿರುವಾಗಲೇ ಬಸಿದು, ಬಸಿದ ನೀರನ್ನು ಒಂದು ಸೌಟು ಉಳಿಸಿಕೊಳ್ಳಬೇಕು. ಆ ನೀರಿನ ಗಂಜಿಯೇ ಕೊಬ್ಬನ್ನೂ ಕುಂಬಳವನ್ನೂ ಪಾಸ್ತಕ್ಕೆ ಅಂಟಿಸುವಂಥದು. ಎಲ್ಲವನ್ನೂ ಬೆರೆಸಿ ಎರಡು ನಿಮಿಷ ಒಲೆಯ ಮೇಲಿಟ್ಟು, ಕಾಳುಮೆಣಸಿನ ಪುಡಿ ಮತ್ತು ತುರಿದ ಗಿಣ್ಣನ್ನು ಉದುರಿಸಿ ಬಿಸಿಯಾಗಿರುವಾಗಲೇ ಬಡಿಸಬೇಕು. ಗೋವೆಯ ಚೊರಿಸ್ ಬಳಸುವವರು ಅದರ ಖಾರ ಮತ್ತು ಹುಳಿಯನ್ನು ನೆನಪಿಟ್ಟು ಅರ್ಧದಷ್ಟೇ ಹಾಕಲಿ. ಶುಕ್ರವಾರಗಳಂದು ಸಾಸೇಜನ್ನು ಬಿಟ್ಟು ಬೆಣ್ಣೆಯಲ್ಲಿ ಮಾಡಬಹುದೆಂದು ವಿಚಾರಣಾ ಗುರುಗಳಾದ ನಾವು ಹೇಳಬೇಕಾಗಿಲ್ಲವಷ್ಟೆ.

ಉಪಸಂಹಾರ

ವರ್ಷಕ್ಕೊಮ್ಮೆ ಮನೆಗಳನ್ನು ಆಶೀರ್ವದಿಸಲು ಹೋಗುವಾಗ ನಾವು ಒಂದು ಸಂಗತಿಯನ್ನು ಕಾಣುತ್ತಿದ್ದೇವೆ. ಮೊದಲಿಗಿಂತ ಮನೆಗಳು ವಿಶಾಲವಾಗಿವೆ. ಊಟದ ಮೇಜುಗಳೂ ದೊಡ್ಡವಾಗಿವೆ. ಆದರೆ ಮೇಜಿನ ಸುತ್ತ ಕುಳಿತುಕೊಳ್ಳುವವರು ಕಡಿಮೆಯಾಗಿದ್ದಾರೆ. ಮಕ್ಕಳು ದೂರದೂರಿನಲ್ಲಿದ್ದಾರೆ. ಮನೆಯಲ್ಲಿರುವವರೂ ತಮ್ಮ ತಮ್ಮ ಹೊತ್ತಿಗೆ, ತಮ್ಮ ತಮ್ಮ ಕೋಣೆಯಲ್ಲಿ ಉಣ್ಣುತ್ತಾರೆ. ಒಬ್ಬಂಟಿ ವೃದ್ಧರು ಅಡುಗೆ ಮಾಡುವುದನ್ನೇ ಬಿಟ್ಟು, ಬೆಳಗಿನ ಗಂಜಿಯನ್ನೇ ರಾತ್ರಿಗೂ ಇಟ್ಟುಕೊಳ್ಳುತ್ತಾರೆ. ಒಬ್ಬರಿಗಾಗಿ ಒಲೆ ಹಚ್ಚುವುದೇಕೆ ಸ್ವಾಮಿ ಎಂದು ಅವರು ಕೇಳಿದಾಗ ನಮ್ಮ ಬಳಿ ಉತ್ತರವಿರುವುದಿಲ್ಲ. ದೇವಾಲಯವು ನೂರು ವರ್ಷ ನಿಂತದ್ದು ಕಲ್ಲು ಗಾರೆಗಳ ಬಲದಿಂದ ಮಾತ್ರವಲ್ಲ, ಮನೆಮನೆಯ ಸಂಜೆಯ ಜಪಮಾಲೆ ಮತ್ತು ಅದರ ಬೆನ್ನಿಗೆ ಬಡಿಸುತ್ತಿದ್ದ ಊಟದ ಬಲದಿಂದ. ಆ ಊಟ ನಿಂತರೆ ಈ ಗೋಡೆಗಳು ಮುಂದಿನ ನೂರು ವರ್ಷ ನಿಲ್ಲಬಹುದು. ಒಳಗೆ ಜನರಿರುತ್ತಾರೆಯೇ ಎಂಬುದು ನಮ್ಮ ಚಿಂತೆ.

ಆದುದರಿಂದ ಈ ಶತಮಾನೋತ್ಸವದ ವರ್ಷದಲ್ಲಿ ನಮ್ಮ ಪ್ರಿಯ ಕುಟುಂಬಗಳಲ್ಲಿ ಒಂದು ಸಣ್ಣ ಬಿನ್ನಹ. ಬರುವ ಕ್ರಿಸ್ತಜಯಂತಿಯ ಮುನ್ನಾದಿನ, ಮಧ್ಯರಾತ್ರಿಯ ಬಲಿಪೂಜೆಗೆ ಹೊರಡುವ ಮೊದಲು, ಪ್ರತಿ ಮನೆಯಲ್ಲಿಯೂ ಎಲ್ಲರೂ ಕುಳಿತು ಒಂದು ಸರಳವಾದ ಊಟವನ್ನು ಮಾಡಲಿ. ಕುಂಬಳದ ಪಾಸ್ತವೇ ಆಗಬೇಕೆಂದಿಲ್ಲ. ಹಿತ್ತಿಲಿನ ಕುಂಬಳದ ಪಲ್ಯವೂ ಸಲ್ಲುತ್ತದೆ. ಒಂದು ತಟ್ಟೆಯನ್ನು ಹೆಚ್ಚಾಗಿ ಇಡಿ. ನೆರೆಯಲ್ಲಿ ಒಬ್ಬಂಟಿಯಾಗಿರುವವರನ್ನು, ಜಾತಿ ಮತಗಳನ್ನು ಕೇಳದೆ, ಕರೆದು ಕೂರಿಸಿ. ಬರಲಾರದವರಿಗೆ ಮುಚ್ಚಿದ ಪಾತ್ರೆಯಲ್ಲಿ ಕಳುಹಿಸಿ. ಬೆತ್ಲೆಹೇಮಿನಲ್ಲಿ ತಂಗಲು ಸ್ಥಳ ದೊರೆಯದೆ ಹೋದ ಆ ಪವಿತ್ರ ಕುಟುಂಬವು ಆ ತಟ್ಟೆಯ ಮುಂದೆ ಬಂದು ಕೂರುವುದೆಂದು ನಾವು ನಂಬುತ್ತೇವೆ.

ಕಡಲಾಚೆಯ ಬಳ್ಳಿಯನ್ನು ನಮ್ಮ ಹಿತ್ತಿಲಿನಲ್ಲಿ ಹಬ್ಬಿಸಿದ ದೇವರು, ಹಸಿದವರನ್ನು ಒಳಿತಿನಿಂದ ತೃಪ್ತಿಪಡಿಸಲಿ. ಉಂಡವರಿಗೆ ಹಸಿದವರ ನೆನಪನ್ನು ಕರುಣಿಸಲಿ. ನಮ್ಮ ಧರ್ಮಕೇಂದ್ರದ ಪ್ರತಿಯೊಂದು ಮನೆಯ ಒಲೆಯನ್ನೂ ಮೇಜನ್ನೂ ಆಶೀರ್ವದಿಸಲಿ.